ಸೈಕಲ್ ಸವಾರಿ, ರಸ್ತೆಯ ಸಿಟ್ಟು ಮತ್ತು ಧಾರಣೀಯ ವೇಗಗಳು

ಸೈಕಲ್ ತುಳಿಯುವುದರಿಂದ ದೇಹಕ್ಕಾಗುವ ಉಪಕಾರವನ್ನು ಕುರಿತು ಹೆಚ್ಚು ವಿವರಿಸಬೇಕಾಗಿಲ್ಲ. ಮಂಡಿಗಳ ಮೇಲೆ ಮೈಯ ಪೂರ್ಣ ಭಾರವನ್ನು ಹೇರದೆ ತೊಡೆ ಮತ್ತು ಮೀನಖಂಡಗಳಿಗೆ ದುಡಿಮೆ ನೀಡುವ, ಹೃದಯ ಹಾಗೂ ಶ್ವಾಸಕೋಶಗಳನ್ನು ಹದಗೊಳಿಸುವ, ರಕ್ತದಲ್ಲಿನ ಸಕ್ಕರೆಯನ್ನು ಹತೋಟಿಯಲ್ಲಿಡಲು ನೆರವಾಗುವ ವ್ಯಾಯಾಮವಿದು. ಆದ್ದರಿಂದಲೇ ಮಧುಮೇಹ, ಸ್ಥೌಲ್ಯ ಮುಂತಾದ ತೊಂದರೆಗಳಿಂದ ಬರುವವರಿಗೆ ವೈದ್ಯರು ಇದನ್ನು ಸೂಚಿಸುತ್ತಾರೆ. ಆದರೆ ಸಲಹೆ ಪಡೆದು ಹೋದವರಲ್ಲಿ ಹಲವರು ಕೆಲವೇ ವಾರಗಳಲ್ಲಿ ಸೈಕಲ್ಲನ್ನು ಗೋಡೆಗೆ ಒರಗಿಸಿಬಿಡುತ್ತಾರೆ. ಕಾರಣ ವಿಚಾರಿಸಿದರೆ ಮಂಡಿನೋವನ್ನು ಹೇಳುವವರು ಕಡಿಮೆ. ರಸ್ತೆಯಲ್ಲಿ ಲಾರಿ, ಬಸ್ಸು, ಕಾರುಗಳವರು ಬದುಕಲು ಬಿಡುವುದಿಲ್ಲವೆಂದು ಹೇಳುವವರೇ ಹೆಚ್ಚು. ಬೆನ್ನಿಗೆ ಅಂಟಿಕೊಂಡಂತೆ ಬಂದು ಹಾರ್ನ್ ಬಾರಿಸುವುದು, ಮೈಗೆ ತಾಗುವಂತೆ ಪಕ್ಕದಿಂದ ನುಗ್ಗುವುದು, ಕಿಟಕಿಯಿಂದ ತಲೆ ಹೊರಹಾಕಿ ಬೈಯುವುದು – ಇವು ವ್ಯಾಯಾಮದ ಫಲವನ್ನೇ ಕೆಡಿಸುತ್ತವೆ. ಹೀಗಾಗಿ ಇದು ಪೊಲೀಸರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ, ಆರೋಗ್ಯದ ವಿಷಯವೂ ಹೌದು.

ನಮ್ಮ ಜಿಲ್ಲೆಯ ರಸ್ತೆಗಳು

ತುಮಕೂರು ಜಿಲ್ಲೆಯಲ್ಲಿ ಸೈಕಲ್ ಸವಾರರು ಅನೇಕ ಬಗೆಯವರು. ಮುಂಜಾನೆ ಡೈರಿಗೆ ಹಾಲು ಒಯ್ಯುವವರಿದ್ದಾರೆ, ತೋಟದ ಕೆಲಸಕ್ಕೆ ಹೋಗುವವರಿದ್ದಾರೆ, ಹಳ್ಳಿಯಿಂದ ಪ್ರೌಢಶಾಲೆಗೆ ಬರುವ ಮಕ್ಕಳಿದ್ದಾರೆ. 2006–07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದ ಮೇಲೆ, ಅದುವರೆಗೆ ಸೈಕಲ್ ಕಾಣದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಸೈಕಲ್ ಏರಿದರು. ಇವರೊಂದಿಗೆ ಈಚಿನ ವರ್ಷಗಳಲ್ಲಿ ವ್ಯಾಯಾಮಕ್ಕೆಂದು ಹೊರಡುವವರೂ ಸೇರಿಕೊಂಡಿದ್ದಾರೆ. ರಜಾದಿನಗಳ ಬೆಳಗಿನಲ್ಲಿ ನಾಮದ ಚಿಲುಮೆಯ ಮಾರ್ಗವಾಗಿ ದೇವರಾಯನದುರ್ಗವನ್ನು ಏರುವ ಸವಾರರನ್ನು ವಾಚಕರು ನೋಡಿರುತ್ತಾರೆ; ಬೆಂಗಳೂರಿನಿಂದಲೂ ಅನೇಕರು ಬರುತ್ತಾರೆ.

ಇವರೆಲ್ಲರೂ ಬಳಸುವ ರಸ್ತೆಗಳ ಸ್ವಭಾವ ಒಂದೇ ಅಲ್ಲ. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಕ್ಯಾತ್ಸಂದ್ರದ ಆಸುಪಾಸಿನಲ್ಲಿ ವಾಹನಗಳ ವೇಗವೂ ಗಾತ್ರವೂ ಹೆಚ್ಚು. ತುಮಕೂರಿನಿಂದ ಗುಬ್ಬಿಯ ಮೇಲೆ ತಿಪಟೂರಿಗೆ ಹೋಗುವ ರಸ್ತೆಯಲ್ಲಿ ಬಸ್ಸು, ಲಾರಿ, ಟ್ರ್ಯಾಕ್ಟರ್, ಎತ್ತಿನಗಾಡಿ, ಶಾಲಾಮಕ್ಕಳು ಎಲ್ಲರೂ ಒಟ್ಟಿಗೆ ಸಾಗುತ್ತಾರೆ. ಕುಣಿಗಲ್ ಮತ್ತು ಎಡೆಯೂರನ್ನು ಹಾದುಹೋಗುವ ಹಾಸನದ ಹೆದ್ದಾರಿಯಲ್ಲಿ ದೂರಪ್ರಯಾಣದ ಆತುರವಿರುತ್ತದೆ. ತುಮಕೂರಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿರುವ ದೇವರಾಯನದುರ್ಗದ ರಸ್ತೆಯಾದರೋ ಕಾಡಿನ ನಡುವೆ ಕಿರಿದಾಗಿ, ತಿರುವುಗಳಿಂದ ಕೂಡಿದೆ. ಅಲ್ಲಿ ಏರುವವನು ಏದುಸಿರು ಬಿಡುತ್ತಾ ನಡಿಗೆಯ ವೇಗದಲ್ಲಿ ಸಾಗುತ್ತಿರುತ್ತಾನೆ. ಹಿಂದಿನ ಕಾರಿನವನಿಗೆ ಮುಂದಿನ ತಿರುವಿನಾಚೆ ಏನಿದೆಯೆಂಬುದು ಕಾಣುವುದಿಲ್ಲ. ತಾಳ್ಮೆ ತಪ್ಪಲು ಇಂತಹ ಸ್ಥಳ ಸಾಕು.

2022ನೆಯ ವರ್ಷದಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ಅವರಲ್ಲಿ ಸೈಕಲ್ ಸವಾರರು ನಾಲ್ಕು ಸಾವಿರಕ್ಕೂ ಮಿಕ್ಕಿದ್ದರು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. 15 ಕಿಲೋಮೀಟರ್ ವೇಗದ ಸೈಕಲ್ ಸಾಗುವುದು ನಾಲ್ಕೇ ಮೀಟರ್. ವಾಹನದ ವೇಗ ಇಮ್ಮಡಿಯಾದರೆ ಅದರ ಹೊಡೆತದ ಶಕ್ತಿ ನಾಲ್ಮಡಿಯಾಗುತ್ತದೆ. ಸೈಕಲ್ ಸವಾರನ ಸುತ್ತ ತಗಡಿನ ಗೋಡೆಯೂ ಇಲ್ಲ, ಗಾಳಿಚೀಲವೂ ಇಲ್ಲ. ಆದುದರಿಂದ ರಸ್ತೆಯ ಜಗಳದಲ್ಲಿ ನ್ಯಾಯ ಯಾರ ಕಡೆಗಿದ್ದರೂ ಪೆಟ್ಟು ಬೀಳುವುದು ಸವಾರನಿಗೇ.

ತಡೆಯಬಾರದ ವೇಗ, ತಡೆಯಬೇಕಾದ ವೇಗ

ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ವೇಗಗಳನ್ನು ಕುರಿತದ್ದು. ಇಲ್ಲಿ ವೇಗವೆಂದರೆ ಓಟವಲ್ಲ, ದೇಹದಲ್ಲಿಯೂ ಮನಸ್ಸಿನಲ್ಲಿಯೂ ಏಳುವ ಒತ್ತಡ. ಮಲಮೂತ್ರ, ಸೀನು, ಹಸಿವು, ಬಾಯಾರಿಕೆ, ನಿದ್ರೆ ಮೊದಲಾದ ಹದಿಮೂರು ವೇಗಗಳನ್ನು ತಡೆಯಬಾರದೆಂದು ಆಚಾರ್ಯರು ಹೇಳುತ್ತಾರೆ. ಆ ಹದಿಮೂರರಲ್ಲಿ ಶ್ರಮದಿಂದ ಬರುವ ಏದುಸಿರೂ ಒಂದು. ಅದನ್ನು ಬಲವಂತವಾಗಿ ತಡೆದರೆ ಹೃದ್ರೋಗಾದಿಗಳಿಗೆ ದಾರಿಯಾಗುತ್ತದೆಂಬುದು ಅವರ ಅಭಿಪ್ರಾಯ.

ಅದೇ ಅಧ್ಯಾಯದಲ್ಲಿ ಮತ್ತೊಂದು ಪಟ್ಟಿಯೂ ಇದೆ. ಅದು ಧಾರಣೀಯ ವೇಗಗಳದ್ದು, ಎಂದರೆ ತಡೆದು ನಿಲ್ಲಿಸಲೇಬೇಕಾದವುಗಳದ್ದು. ಮನಸ್ಸಿಗೆ ಸಂಬಂಧಿಸಿದಂತೆ ಕ್ರೋಧ, ಭಯ, ಲೋಭ, ಅಹಂಕಾರ ಇತ್ಯಾದಿ. ಮಾತಿಗೆ ಸಂಬಂಧಿಸಿದಂತೆ ಕಠೋರ ನುಡಿ, ಅಕಾಲದ ನುಡಿ, ಸುಳ್ಳು ಇತ್ಯಾದಿ. ದೇಹಕ್ಕೆ ಸಂಬಂಧಿಸಿದಂತೆ ಪರಪೀಡೆ, ಹಿಂಸೆ ಇತ್ಯಾದಿ. ರಸ್ತೆಯ ಮೇಲೆ ನಡೆಯುವುದೆಲ್ಲ ಈ ಮೂರು ಸಾಲುಗಳಲ್ಲಿ ಅಡಕವಾಗಿದೆ. ಸವಾರನಲ್ಲಿ ಏಳುವ ಕ್ರೋಧ ಮತ್ತು ಭಯ, ಇಬ್ಬರ ಬಾಯಿಂದಲೂ ಹೊರಡುವ ಕಠೋರ ನುಡಿ, ಚಾಲಕನು ವಾಹನದ ಮೂಲಕ ಎಸಗುವ ಪರಪೀಡೆ – ಎಲ್ಲವೂ ಧಾರಣೀಯ ವೇಗಗಳೇ.

ಕ್ರೋಧದಿಂದ ಪಿತ್ತವೂ ಭಯದಿಂದ ವಾತವೂ ಕೆರಳುತ್ತವೆಂದು ಆಯುರ್ವೇದ ಹೇಳುತ್ತದೆ. ಆಧುನಿಕ ಶರೀರಶಾಸ್ತ್ರದ ವಿವರಣೆಯೂ ಇದಕ್ಕೆ ದೂರವಲ್ಲ. ಬೆದರಿಕೆ ಎದುರಾದಾಗ ಅಡ್ರಿನಲಿನ್ ರಕ್ತಕ್ಕೆ ಸುರಿಯುತ್ತದೆ; ಹೃದಯದ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಕೈಗಳು ನಡುಗುತ್ತವೆ, ಗಮನವೆಲ್ಲ ಬೆದರಿಸಿದವನ ಮೇಲೆಯೇ ನೆಟ್ಟು ಸುತ್ತಲಿನ ಅರಿವು ಕುಗ್ಗುತ್ತದೆ. ಏರುದಾರಿಯಲ್ಲಿ ಮೊದಲೇ ವೇಗವಾಗಿ ಬಡಿಯುತ್ತಿರುವ ಹೃದಯಕ್ಕೆ ಇದು ಮತ್ತೊಂದು ಹೊರೆ. ಆ ಸ್ಥಿತಿಯಲ್ಲಿ ಹ್ಯಾಂಡಲ್ ಹಿಡಿದವನಿಗೆ ಮುಂದಿನ ಗುಂಡಿಯೂ ಕಾಣದು, ಹಿಂದಿನ ಲಾರಿಯೂ ಕೇಳದು. ಬೈದವನನ್ನು ಅಟ್ಟಿಕೊಂಡು ಹೋಗಿ ಮತ್ತೊಂದು ವಾಹನಕ್ಕೆ ಸಿಲುಕುವ ಅಪಾಯ ಇಲ್ಲಿಯೇ ಇದೆ.

ಭಯವೂ ಅಷ್ಟೇ ಹಾನಿಕರ. ಹೆದರಿದ ಸವಾರ ರಸ್ತೆಯ ಅಂಚಿಗೆ ಅಂಟಿಕೊಂಡು ಸಾಗುತ್ತಾನೆ. ಅಲ್ಲಿ ಮಣ್ಣು, ಜಲ್ಲಿ, ಡಾಂಬರು ಕಿತ್ತ ಅಂಚು ಇರುತ್ತವೆ. ಚಕ್ರ ಕೆಳಕ್ಕೆ ಜಾರಿದರೆ ಮತ್ತೆ ಮೇಲೇರಿಸುವಾಗ ಸೈಕಲ್ ರಸ್ತೆಯ ಕಡೆಗೇ ಬೀಳುತ್ತದೆ. ಮೇಲಾಗಿ ಅಂಚಿನಲ್ಲಿರುವವನನ್ನು ಕಂಡ ಚಾಲಕನು ಇನ್ನೂ ಜಾಗವಿದೆಯೆಂದು ಭಾವಿಸಿ ಪಕ್ಕದಲ್ಲೇ ನುಗ್ಗುತ್ತಾನೆ. ಆದುದರಿಂದ ಎಡಬದಿಯಲ್ಲಿಯೇ, ಆದರೆ ಡಾಂಬರಿನ ಅಂಚಿನಿಂದ ಎರಡು ಮೂರು ಅಡಿ ಒಳಗೆ, ನೇರವಾದ ಗೆರೆಯಲ್ಲಿ ಸಾಗುವುದು ಕ್ಷೇಮಕರ.

ಎಲ್ಲ ಹಾರ್ನ್ ಬೈಗುಳವಲ್ಲ

ಚಾಲಕರ ವರ್ತನೆಗಳನ್ನು ಬೇರ್ಪಡಿಸಿ ನೋಡುವುದರಿಂದ ಅರ್ಧ ಸಿಟ್ಟು ತಾನಾಗಿಯೇ ಇಳಿಯುತ್ತದೆ. ನಮ್ಮ ರಸ್ತೆಗಳಲ್ಲಿ ಹಾರ್ನ್ ಬಹುಮಟ್ಟಿಗೆ 'ನಾನು ಹಿಂದೆ ಬರುತ್ತಿದ್ದೇನೆ' ಎಂಬ ಸೂಚನೆ. ಲಾರಿಗಳ ಹಿಂಬದಿಯಲ್ಲಿ ಹಾರ್ನ್ ಮಾಡಿರೆಂದು ಬರೆಯುವ ನಾಡು ನಮ್ಮದು. ಅದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ. ಹಲವು ಬಾರಿ ಚಾಲಕನಿಗೆ ಸವಾರನು ಕಂಡೇ ಇರುವುದಿಲ್ಲ. ಮುಂಜಾನೆಯ ಮಂಜು, ಸಂಜೆಯ ಮಬ್ಬು, ಎದುರು ಬಿಸಿಲು, ದೊಡ್ಡ ವಾಹನದ ಕುರುಡು ಭಾಗ ಇದಕ್ಕೆ ಕಾರಣ. ಇಂತಹ ಕಡೆ ಸಿಟ್ಟಿಗಿಂತ ಉಪಯುಕ್ತವಾದವು ತಿಳಿಬಣ್ಣದ ಅಂಗಿ, ಹಿಂದಿನ ಕೆಂಪು ದೀಪ, ಮುಂದಿನ ಬಿಳಿ ದೀಪ, ಚಕ್ರಕ್ಕೂ ಹಿಂಬದಿಗೂ ಅಂಟಿಸಿದ ರಿಫ್ಲೆಕ್ಟರ್. ತಿರುಗುವ ಮೊದಲು ಹಿಂದೆ ನೋಡಿ ಕೈ ತೋರಿಸುವುದನ್ನೂ ರೂಢಿಸಿಕೊಳ್ಳಬೇಕು. ಲಾರಿ, ಬಸ್ಸುಗಳ ಎಡಪಕ್ಕದಲ್ಲಿ ನುಸುಳಬಾರದು. ಅವು ಎಡಕ್ಕೆ ತಿರುಗಿದರೆ ಸವಾರನಿಗೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ.

ಇವೆಲ್ಲವನ್ನೂ ಕಳೆದ ಮೇಲೆಯೂ ಉಳಿಯುವ ದ್ವೇಷದ ವರ್ತನೆಯೊಂದಿದೆ. ಬೇಕೆಂದೇ ಮೈಗೆ ತಾಗುವಂತೆ ಹಾಯುವುದು, ಅಡ್ಡಗಟ್ಟುವುದು, ರಸ್ತೆಯಿಂದ ಕೆಳಕ್ಕೆ ತಳ್ಳುವುದು, ವಸ್ತು ಎಸೆಯುವುದು, ಬೆದರಿಸುವುದು ಆ ಬಗೆಯವು. ಇವನ್ನು ಸಾಮಾನ್ಯವೆಂದು ಒಪ್ಪಿಕೊಳ್ಳಬೇಕಾಗಿಲ್ಲ.

ಆ ಕ್ಷಣದಲ್ಲಿ ಮಾಡಬೇಕಾದುದು

ಮೊದಲನೆಯದು, ಹ್ಯಾಂಡಲ್ ಮೇಲಿನ ಎರಡೂ ಕೈಗಳನ್ನು ಬಿಡದಿರುವುದು. ಮುಷ್ಟಿ ತೋರಿಸಲು ಕೈ ಎತ್ತಿದರೆ ಸಮತೋಲವೂ ತಪ್ಪುತ್ತದೆ, ಜಗಳವೂ ಬೆಳೆಯುತ್ತದೆ. ಎರಡನೆಯದು, ಬಾಯಿಯನ್ನು ಮುಚ್ಚಿಕೊಳ್ಳುವುದು. ಕಠೋರ ನುಡಿ ಧಾರಣೀಯವೆಂಬುದಕ್ಕೆ ಇದಕ್ಕಿಂತ ತಕ್ಕ ಸಂದರ್ಭವಿಲ್ಲ. ಓಡುತ್ತಿರುವ ಕಾರಿನೊಳಗಿನವನಿಗೆ ನ್ಯಾಯಾನ್ಯಾಯವನ್ನು ಮನಗಾಣಿಸಲು ಯಾರಿಂದಲೂ ಆಗದು. ಮೂರನೆಯದು, ವೇಗವನ್ನು ತಗ್ಗಿಸಿ ಆ ವಾಹನವನ್ನು ಮುಂದೆ ಹೋಗಗೊಡುವುದು. ದ್ವೇಷವಿರುವವನು ಬೆನ್ನ ಹಿಂದಿರುವುದಕ್ಕಿಂತ ಕಣ್ಣ ಮುಂದಿರುವುದು ಮೇಲು. ನಾಲ್ಕನೆಯದು, ಜನವಿರುವ ಕಡೆ, ಅಂಗಡಿಯ ಬಳಿಯೋ ಬಸ್ ನಿಲ್ದಾಣದ ಬಳಿಯೋ, ಸೈಕಲ್ಲಿನಿಂದ ಇಳಿಯುವುದು. ಕಾರಿನವನು ನಿಲ್ಲಿಸಿ ಇಳಿದು ಬಂದರೆ ಸೈಕಲ್ಲನ್ನು ಇಬ್ಬರ ನಡುವೆ ಇಟ್ಟುಕೊಂಡು, ದನಿಯೇರಿಸದೆ, ಹಿಂದೆ ಸರಿಯುತ್ತಾ ಜನರಿರುವ ಕಡೆಗೆ ನಡೆಯಬೇಕು.

ಇಳಿದ ಮೇಲೆ ಏದುಸಿರನ್ನು ತಡೆಯಬೇಡಿರಿ. ಅದು ಅಧಾರಣೀಯ ವೇಗ, ಹರಿಯಲು ಬಿಡಿರಿ. ಉಸಿರು ತಾನಾಗಿಯೇ ಹದಕ್ಕೆ ಬಂದ ಬಳಿಕ ಮೂಗಿನಿಂದ ಒಳಗೆಳೆದು, ಎಳೆದುದಕ್ಕಿಂತ ನಿಧಾನವಾಗಿ ಹೊರಬಿಡಿರಿ. ಹೀಗೆ ಹತ್ತು ಹನ್ನೆರಡು ಬಾರಿ ಮಾಡಿದರೆ ನಾಡಿಯ ಓಟ ತಗ್ಗುತ್ತದೆ. ಕುಂಭಕ ಬೇಡ, ಶ್ರಮದ ನಡುವೆ ಉಸಿರು ಹಿಡಿಯುವುದು ಹಿತವಲ್ಲ. ಸ್ವಲ್ಪ ನೀರು ಕುಡಿಯಿರಿ. ಕೈನಡುಕ ಪೂರ್ತಿ ನಿಂತ ಮೇಲೆಯೇ ಮತ್ತೆ ಸವಾರಿ. ಎದೆನೋವು, ಎಡತೋಳಿನ ಸೆಳೆತ, ತಣ್ಣನೆಯ ಬೆವರು ಕಂಡರೆ ಅದನ್ನು ಸಿಟ್ಟಿನ ಪರಿಣಾಮವೆಂದು ತಳ್ಳಿಹಾಕದೆ ಕೂಡಲೇ 108ಕ್ಕೆ ಕರೆ ಮಾಡಿಸಿರಿ.

ಗುಡ್ಡ ಏರುವವರಿಗೆ ಮತ್ತೊಂದು ಮಾತು. ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂಬುದು ಆಯುರ್ವೇದದ ನಿಯಮ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಪೂರ್ಣ ದಣಿದವನಿಗೆ ಸಣ್ಣ ಹಾರ್ನಿಗೂ ರೇಗುತ್ತದೆ. ಉಳಿದ ಅರ್ಧಶಕ್ತಿಯೇ ತಾಳ್ಮೆಯ ಬಂಡವಾಳ.

ತಡೆಯುವುದೆಂದರೆ ನುಂಗುವುದಲ್ಲ

ಕ್ರೋಧವನ್ನು ಧಾರಣ ಮಾಡಬೇಕೆಂದರೆ ಅನ್ಯಾಯವನ್ನು ಸಹಿಸಿಕೊಂಡು ಸುಮ್ಮನಿರಬೇಕೆಂದು ಕೆಲವರು ಅರ್ಥಮಾಡಿಕೊಳ್ಳುತ್ತಾರೆ. ಅದು ತಪ್ಪು. ಆಚಾರ್ಯರು ತಡೆಯಹೇಳಿದುದು ವೇಗವನ್ನು, ವಿವೇಕವನ್ನಲ್ಲ. ಅಕಾಲದ ನುಡಿಯನ್ನು ತಡೆದವನು ಸಕಾಲದಲ್ಲಿ, ಸರಿಯಾದ ಸ್ಥಳದಲ್ಲಿ ನುಡಿಯಬೇಕು. ರಸ್ತೆಯ ಮಧ್ಯೆ ಆಡದೆ ಉಳಿಸಿದ ಮಾತನ್ನು ಠಾಣೆಯಲ್ಲಿ ಬರೆದುಕೊಡಬೇಕು.

ವಾಹನದ ಸಂಖ್ಯೆ, ಬಣ್ಣ, ಸಮಯ, ಸ್ಥಳ, ಹೋದ ದಿಕ್ಕು – ಈ ಐದನ್ನು ಕೂಡಲೇ ಬರೆದುಕೊಳ್ಳಿರಿ, ಇಲ್ಲವೇ ಮೊಬೈಲಿನಲ್ಲಿ ಹೇಳಿ ದಾಖಲಿಸಿಕೊಳ್ಳಿರಿ. ಸಾಕ್ಷಿಯಿದ್ದವರ ಹೆಸರು ಕೇಳಿಟ್ಟುಕೊಳ್ಳಿರಿ. ಅಪಾಯವಿದ್ದರೆ 112ಕ್ಕೆ ಕರೆ ಮಾಡಿರಿ. ಸಾರ್ವಜನಿಕ ರಸ್ತೆಯಲ್ಲಿ ಅಪಾಯಕರವಾಗಿ ವಾಹನ ನಡೆಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನಡಿ ಅಪರಾಧ. ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದಾಗಿದೆ. ಮೋಟಾರು ವಾಹನಗಳ ಅಧಿನಿಯಮ, 1988ರ 184ನೆಯ ಕಲಮೂ ಇದನ್ನೇ ಕುರಿತದ್ದು. ಬೆದರಿಕೆ ಹಾಕುವುದು ನ್ಯಾಯ ಸಂಹಿತೆಯ 351ನೆಯ ಕಲಮಿಗೆ ಬರುತ್ತದೆ. ಪೊಲೀಸರು ತಾವಾಗಿಯೇ ಕ್ರಮ ಕೈಗೊಳ್ಳಬಹುದಾದ ಅಪರಾಧವಾದರೆ, ಘಟನೆ ನಡೆದುದು ಬೇರೆ ಠಾಣೆಯ ಸರಹದ್ದಾಗಿದ್ದರೂ ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದು. ಬಸ್ಸು, ಶಾಲಾವಾಹನ, ಸರಕಿನ ಲಾರಿಯಾದರೆ ಅದರ ಮಾಲೀಕರಿಗೂ ಲಿಖಿತವಾಗಿ ತಿಳಿಸುವುದು ಒಳ್ಳೆಯದು.

ಸೈಕಲ್ಲಿಗೆ ರಸ್ತೆಯ ಮೇಲೆ ಹಕ್ಕಿಲ್ಲವೆಂದು ಗದರುವವರಿದ್ದಾರೆ. ಅದು ಸರಿಯಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಮಾರ್ಗದಲ್ಲಿ 2023ರ ಆಗಸ್ಟ್ 1ರಿಂದ ಮಾಡಿರುವಂತೆ ಅಧಿಸೂಚನೆಯ ಮೂಲಕ ನಿಷೇಧಿಸಿರುವ ಮುಖ್ಯಪಥಗಳನ್ನು ಬಿಟ್ಟರೆ ಸೈಕಲ್ ಸವಾರನೂ ರಸ್ತೆಯ ಹಕ್ಕುದಾರನೇ. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಪಾದಚಾರಿ, ಸೈಕಲ್ ಸವಾರ, ಮಕ್ಕಳು, ವೃದ್ಧರ ವಿಷಯದಲ್ಲಿ ಚಾಲಕನು ವಿಶೇಷ ಎಚ್ಚರ ವಹಿಸಬೇಕೆಂದು ಹೇಳುತ್ತವೆ. ಹಾಗೆಂದು ಹಕ್ಕಿನ ಹೆಸರಿನಲ್ಲಿ ಹೆದ್ದಾರಿಯ ವೇಗದ ಪಥಕ್ಕೆ ಇಳಿಯುವುದು ಜಾಣತನವಲ್ಲ. ಸರ್ವೀಸ್ ರಸ್ತೆ ಇರುವ ಕಡೆ ಅದನ್ನೇ ಹಿಡಿಯಬೇಕು. ಹಳ್ಳಿಗಳ ಒಳದಾರಿ ಸುತ್ತಾದರೂ ಲೇಸು.

ಮಕ್ಕಳ ವಿಷಯ

ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳಿಗೆ ಈ ಮಾತುಗಳನ್ನು ಹಿರಿಯರೇ ಹೇಳಿಕೊಡಬೇಕು. ಇಬ್ಬರು ಮೂವರು ಪಕ್ಕಪಕ್ಕ ಮಾತನಾಡುತ್ತಾ ಸಾಗದೆ ಒಬ್ಬರ ಹಿಂದೊಬ್ಬರು ಸಾಗಬೇಕು. ಬೈದವರಿಗೆ ಉತ್ತರ ಕೊಡದೆ ಸಂಖ್ಯೆಯನ್ನು ನೆನಪಿಟ್ಟುಕೊಂಡು ಬಂದು ಹೇಳಬೇಕು. ಬೈಕಿನವರು ಹೆಣ್ಣುಮಕ್ಕಳನ್ನು ಹಿಂಬಾಲಿಸುವುದು, ಚುಡಾಯಿಸುವುದು ಪ್ರತ್ಯೇಕ ಅಪರಾಧಗಳು. ಅಂತಹ ಸಂದರ್ಭದಲ್ಲಿ ಹತ್ತಿರದ ಮನೆಗೋ ಅಂಗಡಿಗೋ ಹೋಗಿ ನಿಲ್ಲಬೇಕು. ಮಕ್ಕಳ ಸಹಾಯವಾಣಿ 1098 ಅವರಿಗೆ ಬಾಯಿಪಾಠವಾಗಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬಂದು ಹೇಳಿದ ಮಗುವಿನ ಸೈಕಲ್ಲನ್ನೇ ಕಿತ್ತುಕೊಳ್ಳಬೇಡಿರಿ. ಹಾಗೆ ಮಾಡಿದರೆ ಮುಂದಿನ ಬಾರಿ ಅದು ಹೇಳುವುದೇ ಇಲ್ಲ; ಹೆಣ್ಣುಮಗುವಾದರೆ ಶಾಲೆಯೇ ನಿಂತುಹೋದೀತು.

ಪೆಟ್ಟು ಬಿದ್ದಾಗ

ಬಿದ್ದವರ ತಲೆಗೆ ಪೆಟ್ಟಾಗಿದ್ದರೆ, ಆ ಹೊತ್ತಿಗೆ ಚೆನ್ನಾಗಿದ್ದಂತೆ ಕಂಡರೂ, ಒಂದು ದಿನ ಎಚ್ಚರದಿಂದ ನೋಡಬೇಕು. ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು, ತೊದಲು, ಕಣ್ಣಾಲಿಗಳ ಅಸಮಾನತೆ, ಕಿವಿ ಅಥವಾ ಮೂಗಿನಿಂದ ರಕ್ತ ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಕತ್ತು ನೋಯುತ್ತಿದ್ದರೆ ಎತ್ತಿ ಕೂರಿಸಬಾರದು. ಮೂಳೆ ಮುರಿದ ಅನುಮಾನವಿದ್ದರೆ ಎಣ್ಣೆ ಹಚ್ಚಿ ತಿಕ್ಕುವುದು, ಎಳೆಯುವುದು ಸಲ್ಲದು. ಮೊದಲು ಎಕ್ಸ್‌ರೇ ಆಗಲಿ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರನ್ನು ಕಾನೂನು ರಕ್ಷಿಸುತ್ತದೆ. ಕರ್ನಾಟಕವು 2016ರಲ್ಲಿಯೇ ಇದಕ್ಕೆ ಅಧಿನಿಯಮ ರೂಪಿಸಿದೆ; ಕೇಂದ್ರದ ಅಧಿನಿಯಮಕ್ಕೂ 2019ರಲ್ಲಿ 134–ಎ ಕಲಮು ಸೇರಿದೆ. ಪೊಲೀಸರ ಗೊಡವೆಗೆ ಹೆದರಿ ಯಾರೂ ಮುಂದೆ ಸಾಗಬೇಕಾಗಿಲ್ಲ.

ವಾಹನ ನಡೆಸುವ ಭಕ್ತರಲ್ಲಿ

ಈ ಪತ್ರಿಕೆಯನ್ನು ಓದುವವರಲ್ಲಿ ಸೈಕಲ್ ತುಳಿಯುವವರಿಗಿಂತ ಕಾರು, ಬೈಕು ನಡೆಸುವವರೇ ಹೆಚ್ಚಿರಬಹುದು. ಎಡೆಯೂರು ಸಿದ್ಧಲಿಂಗೇಶ್ವರನ ಸನ್ನಿಧಿಗೋ, ಗುಬ್ಬಿಯ ಚನ್ನಬಸವೇಶ್ವರನ ಜಾತ್ರೆಗೋ, ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆಯ ಜಾತ್ರೆಗೋ ಕುಟುಂಬಸಮೇತ ಹೊರಟಾಗ ಮುಂದೆ ಒಬ್ಬ ಸೈಕಲ್ ಸವಾರ ಸಿಕ್ಕನೆಂದು ಭಾವಿಸಿರಿ. ಎದುರಿನಿಂದ ವಾಹನ ಬರುತ್ತಿದ್ದರೆ ಅವನ ಹಿಂದೆ ಕಾಯಬೇಕಾದುದು ಬಹುಶಃ ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿನ ಉಳಿತಾಯಕ್ಕಾಗಿ ಒಬ್ಬ ತಂದೆಯನ್ನೋ ಮಗಳನ್ನೋ ಅಂಚಿಗೆ ತಳ್ಳುವುದು ಪರಪೀಡೆಯೆಂಬ ಧಾರಣೀಯ ವೇಗವನ್ನು ಹರಿಯಬಿಟ್ಟಂತೆ.

ಹಿಂದಿಕ್ಕುವಾಗ ಸವಾರನಿಗೂ ವಾಹನಕ್ಕೂ ನಡುವೆ ಕನಿಷ್ಠ ಒಂದೂವರೆ ಮೀಟರ್ ಅಂತರವಿರಲಿ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್ ಎಂದು ನಿಯಮವೇ ಇದೆ. ಸವಾರನು ಗುಂಡಿ ತಪ್ಪಿಸಲು ಒಂದು ಅಡಿ ಬಲಕ್ಕೆ ಸರಿದರೂ, ಗಾಳಿಗೆ ಓಲಾಡಿದರೂ ಅಪಾಯವಾಗದಿರಲು ಈ ಅಂತರ ಬೇಕು. ಪಕ್ಕಕ್ಕೆ ಬಂದಾಗ ಹಾರ್ನ್ ಬಾರಿಸಿ ಬೆಚ್ಚಿಬೀಳಿಸಬೇಡಿರಿ. ಬಾರಿಸುವುದಾದರೆ ದೂರದಿಂದಲೇ ಒಮ್ಮೆ ಸಾಕು. ದೇವರಾಯನದುರ್ಗದಂತಹ ಗುಡ್ಡದ ರಸ್ತೆಯಲ್ಲಿ ಅಗಲ ಸಾಲದ ಕಡೆ ಇಳಿಯುವ ವಾಹನವು ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಿಯಮ. ತಿರುವಿನಲ್ಲಿ ಹಿಂದಿಕ್ಕಬೇಡಿರಿ. ನಿಂತ ಕಾರಿನ ಬಾಗಿಲು ತೆರೆಯುವಾಗ ಬಾಗಿಲಿನಿಂದ ದೂರದ ಕೈಯನ್ನು ಬಳಸಿರಿ. ಚಾಲಕನು ಎಡಗೈಯಿಂದ ತೆರೆದರೆ ಮೈ ತಾನಾಗಿಯೇ ತಿರುಗಿ ಹಿಂದೆ ಬರುವವರು ಕಾಣುತ್ತಾರೆ.

ಮಿತವಾದ ಆಹಾರವೂ ಸಕಾಲದ ನಿದ್ರೆಯೂ ಆರೋಗ್ಯಕ್ಕೆ ಹೇಗೆ ಅಗತ್ಯವೋ ಧಾರಣೀಯ ವೇಗಗಳ ನಿಗ್ರಹವೂ ಹಾಗೆಯೇ ಅಗತ್ಯ. ಸೈಕಲ್ ಏರುವವರು ಕ್ರೋಧವನ್ನೂ ಭಯವನ್ನೂ ತಡೆದು, ಏದುಸಿರನ್ನು ಹರಿಯಬಿಟ್ಟು, ದೂರನ್ನು ತಕ್ಕ ಸ್ಥಳದಲ್ಲಿ ಸಲ್ಲಿಸಲಿ. ವಾಹನ ನಡೆಸುವವರು ಆತುರವನ್ನೂ ಕಠೋರ ನುಡಿಯನ್ನೂ ತಡೆದು ದಾರಿ ಬಿಡಲಿ. ಗೋಡೆಗೆ ಒರಗಿಸಿಟ್ಟ ಸೈಕಲ್ಲುಗಳ ಚಕ್ರಕ್ಕೆ ಗಾಳಿ ತುಂಬಿಸಿ, ಬ್ರೇಕು ಪರೀಕ್ಷಿಸಿ, ಹಿಂದೊಂದು ಕೆಂಪು ದೀಪ ಕಟ್ಟಿ ಮತ್ತೆ ಹೊರತೆಗೆಯಿರಿ. ವಾಹನ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ, ಊರ ಒಳದಾರಿಯಲ್ಲಿ, ಅರ್ಧ ಗಂಟೆಯಿಂದ ಆರಂಭಿಸಿದರೆ ಸಾಕು.